ಗೋಡೆಗೆ ಹೊದಿಸಿದ ರಜಾಯಿಗಳು

ನಮ್ಮ ಬ್ಯಾಂಡಿನ ಆಲ್ಬಮ್ಮನ್ನು ಅಪ್ಪ ಕೊನೆಯವರೆಗೂ ಕ್ಯಾಸೆಟ್ ಎಂದೇ ಕರೆದರು. ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲ ಮುಗಿದು ಊರೆಲ್ಲ ಸೀಡಿ ಬಂದಾಗಿತ್ತು. ನಾನು ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾದೆ. ಸಂಜೆ ಗುಡಗಾಂವ್‌ನ ಆಫೀಸಿನಿಂದ ಬಂದು ನಾನು ಚಪ್ಪಲಿ ಬಿಡುತ್ತಿದ್ದರೆ ಅವರು ಪೇಪರಿನಿಂದ ಕಣ್ಣೆತ್ತಿ, "ಕ್ಯಾಸೆಟ್ ಎಲ್ಲಿಗೆ ಬಂತು ಪುಟ್ಟೀ?" ಎನ್ನುತ್ತಿದ್ದರು. ಕೇಂದ್ರ ಸರ್ಕಾರದ ಕಚೇರಿಗೆ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಪ್ರಪಂಚದ ಯಾವ ಕೆಲಸವೂ ಅವರಿಗೆ ಮೇಜಿನಿಂದ ಮೇಜಿಗೆ ಸಾಗುವ ಫೈಲು. "ಇನ್ನೂ ಡ್ರಮ್ಸ್ ಹತ್ರಾನೇ ಇದೆ ಅಪ್ಪ" ಎಂದರೆ, "ಅಲ್ಲೇ ಕೂತುಬಿಟ್ಟಿದೆ ಅನ್ನು. ಒಂದು ರಿಮೈಂಡರ್ ಕಳಿಸು" ಎಂದು ನಗುತ್ತಿದ್ದರು.

ಬ್ಯಾಂಡು ಎಂದರೆ ನಾವು ಮೂವರು. ಗಿಟಾರ್ ನನ್ನದು. ಡ್ರಮ್ಸ್ ಬಾರಿಸುವವನು ನಮ್ಮದೇ ಕಾಲನಿಯ ಪಂಜಾಬಿ. ಒಂದೇ ಸ್ಕೂಲ್ ಬಸ್ಸಿನಲ್ಲಿ ಜಗಳವಾಡುತ್ತ ಬೆಳೆದವರು ನಾವು. ಬೇಸ್ ಗಿಟಾರ್ ನುಡಿಸುತ್ತ ಹಾಡುವವನು ಮಂಗಳೂರು ಕಡೆಯ ಕ್ರಿಶ್ಚಿಯನ್, ನನ್ನ ಆಫೀಸಿನವನು. ಅಷ್ಟು ದೊಡ್ಡ ಕಟ್ಟಡದಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದವನು ಅವನೊಬ್ಬನೇ. ಹಾಡು ಹಿಂದಿಯಲ್ಲಿ, ಸದ್ದು ಹಾರ್ಡ್ ರಾಕ್. ಊರಿನ ನೆಂಟರು ವಿಚಾರಿಸಿದರೆ ಅಮ್ಮ "ಗಿಟಾರ್ ಕ್ಲಾಸಿಗೆ ಹೋಗ್ತಾಳೆ" ಎಂದು ಮಾತು ಮುಗಿಸುತ್ತಿದ್ದಳು. ಇಪ್ಪತ್ತಾರು ತುಂಬಿದ, ಮದುವೆಯಾಗದ ಮಗಳು ಕಿಟಕಿಯ ಗಾಜು ಅದುರುವಂತೆ ಬಾರಿಸುತ್ತಾಳೆಂದು ಹೇಗೆ ಹೇಳಿಯಾಳು, ಪಾಪ! ಅಪ್ಪನಿಗೂ ನಮ್ಮ ಸಂಗೀತ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಕಣಮ್ಮ. ಕೋಣ ನಾನೇ. ನೀನು ಬಾರಿಸು" ಎನ್ನುತ್ತಿದ್ದರು. ಅಡುಗೆಮನೆಯಿಂದ ಅಮ್ಮ "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ಗೊಣಗುವುದು ಕೇಳುತ್ತಿತ್ತು.

ನನ್ನ ಸ್ವಭಾವವನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಕೋಪ ಮೂಗಿನ ತುದಿಯಲ್ಲೇ. ಕೆಲಸದ ನಡುವೆ ಯಾರಾದರೂ ಅಡ್ಡ ಬಂದರೆ ಎದುರಿಗಿರುವವರು ಯಾರು, ಎಷ್ಟು ವಯಸ್ಸಿನವರು ಎಂಬುದೇನೂ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ಕಾಲವೂ ಒಂದಿತ್ತು.

ಅಪ್ಪ ನಿವೃತ್ತರಾದದ್ದು ಸೆಪ್ಟೆಂಬರ್ ಕೊನೆಗೆ. ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರನ್ನು ನಿವೃತ್ತಿಯ ನಂತರ ನಾಲ್ಕು ತಿಂಗಳು ಇಟ್ಟುಕೊಳ್ಳಬಹುದಿತ್ತು. ಜನವರಿ ಮುಗಿಯುವುದರೊಳಗೆ ಕೀಲಿ ಒಪ್ಪಿಸಿ ಊರಂಚಿನ ದ್ವಾರಕಾ ಬಡಾವಣೆಯ ಫ್ಲ್ಯಾಟಿಗೆ ಹೋಗಬೇಕು. ಆ ಫ್ಲ್ಯಾಟಿನಲ್ಲಿ ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲ ಮನೆಗಳೇ. ಗೋಡೆಗೆ ಮೊಳೆ ಹೊಡೆದರೂ ಸೊಸೈಟಿಯ ಸೆಕ್ರೆಟರಿ ಬಂದು ನಿಲ್ಲುತ್ತಿದ್ದರು. ಇನ್ನು ಅಲ್ಲಿ ಡ್ರಮ್ಸ್ ಬಾರಿಸುವುದು ಕನಸಿನ ಮಾತು. ಕಿದ್ವಾಯಿ ನಗರದ್ದಾದರೋ ಹಳೆಯ ಕಾಲದ ದಪ್ಪ ಗೋಡೆ, ಎತ್ತರದ ಸೂರು, ನೆಲಮಹಡಿ. ಅದರ ಹಿಂದಿನ ಕೋಣೆಯಲ್ಲಿ ಡ್ರಮ್ಮಿನ ಪೆಟ್ಟು ಎದೆಗೇ ಬಂದು ಬೀಳುತ್ತಿತ್ತು. ನಾಲ್ಕು ವರ್ಷದಿಂದ ಕಾಲೇಜು ಉತ್ಸವಗಳಲ್ಲಿ ನುಡಿಸುತ್ತ ಬಂದ ಎಂಟು ಹಾಡುಗಳು ನಮ್ಮ ಕೈಯಲ್ಲಿದ್ದವು. ಜನವರಿಯೊಳಗೆ ರೆಕಾರ್ಡ್ ಮಾಡಿದರೆ ಉಂಟು, ಇಲ್ಲದಿದ್ದರೆ ಆ ಹಾಡುಗಳು ನಮ್ಮ ಬಾಯಲ್ಲೇ ಸಾಯುತ್ತವೆ ಎಂದು ಮೂವರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. "ಹಿಂದಿನ ಕೋಣೆ ತಗೋ" ಎಂದವರು ಅವರೇ.

ಅಕ್ಟೋಬರಿನ ಒಂದು ಭಾನುವಾರ ಕೋಣೆ ಸಜ್ಜು ಮಾಡಿದೆವು. ಬರಿಯ ಗೋಡೆಗೆ ಸದ್ದು ಬಡಿದು ತಿರುಗಿ ಬರುತ್ತದೆ. ಗೋಡೆಗೆ ಮೆತ್ತನೆಯದೇನಾದರೂ ಹೊದಿಸಬೇಕು. ದೆಹಲಿಯ ಮನೆಯಲ್ಲಿ ಅಂಥದ್ದಕ್ಕೇನು ಕೊರತೆ? ಮಂಚದ ಪೆಟ್ಟಿಗೆ ತೆರೆದು ಚಳಿಗಾಲಕ್ಕೆ ಹೊದೆಯುವ, ಹತ್ತಿ ತುಂಬಿದ ರಜಾಯಿಗಳನ್ನು ಹೊರಗೆಳೆದೆ. ನಮ್ಮ ಮೂವರ ಮೂರು, ನೆಂಟರಿಗೆಂದು ಎರಡು. ಐದನ್ನೂ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೆವು. ಫ್ಯಾನ್ ತಿರುಗುತ್ತಿದ್ದ ದಿನ ಅದು. ಡಿಸೆಂಬರ್ ಎಂಬ ತಿಂಗಳೊಂದು ಬರುತ್ತದೆಂಬುದು ನಮ್ಮ ಮೂರು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಅಕ್ಕಪಕ್ಕದವರ ಒಪ್ಪಿಗೆಯನ್ನು ಅಪ್ಪ ತಮ್ಮ ಪದ್ಧತಿಯಲ್ಲೇ ಪಡೆದರು. "ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಮಗಳ ಸಂಗೀತದ ಕೆಲಸವಿರುತ್ತದೆ, ತಮ್ಮ ಆಕ್ಷೇಪಣೆ ಇಲ್ಲವೆಂದು ಸಹಿ ಮಾಡಬೇಕಾಗಿ ವಿನಂತಿ" ಎಂದು ಹಿಂದಿಯಲ್ಲಿ ಒಂದು ನೋಟ್ ಬರೆದು, ಕೈಯಲ್ಲಿ ಅಮ್ಮನ ಕೋಡುಬಳೆಯ ಡಬ್ಬಿ ಹಿಡಿದು, ಬ್ಲಾಕಿನ ಮನೆ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಅದಕ್ಕೊಂದು ಫೈಲು, ಫೈಲಿಗೊಂದು ದಾರ. ಮುಂಬಾಗಿಲಿಗೆ "ಕೆಲಸ ನಡೆಯುತ್ತಿದೆ, ಗಂಟೆ ಒತ್ತಬೇಡಿ" ಎಂಬ ಚೀಟಿ. ನನ್ನ ಡ್ರಮ್ಮರ್ ಅದನ್ನೆಲ್ಲ ನೋಡಿ, "ಅಂಕಲ್ ನಮ್ಮ ಮ್ಯಾನೇಜರ್ ಆಗ್ಲಿ ದೋಸ್ತ್" ಎಂದ. ಅಪ್ಪನಿಗೆ ಆ ಮಾತಿನಿಂದ ಎಷ್ಟು ಖುಷಿಯಾಯಿತೆಂದರೆ ಎರಡು ದಿನ ಅದನ್ನೇ ಅಮ್ಮನಿಗೆ ಹೇಳಿದರು.

ಆಲ್ಬಮ್ ಮಾಡುವುದೆಂದರೆ ಮೂವರೂ ಕೂಡಿ ಎಂಟು ಹಾಡು ನುಡಿಸಿ ಎದ್ದು ಬರುವುದು ಎಂದುಕೊಂಡಿದ್ದರು ಅಪ್ಪ. ಹಾಗಲ್ಲ. ಮೊದಲು ಡ್ರಮ್ಸ್ ಮಾತ್ರ. ಹೆಡ್‌ಫೋನಿನಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುವ ತಾಳಕ್ಕೆ ಒಂದೇ ಹಾಡನ್ನು ಇಪ್ಪತ್ತು ಸಲ, ಮೂವತ್ತು ಸಲ; ಪ್ರತಿ ಸಲದ್ದೂ ಒಂದು ಟೇಕ್. ಅದು ಸರಿಬಂದ ಮೇಲೆ ಅದರ ಮೇಲೆ ಬೇಸ್, ಅದರ ಮೇಲೆ ನನ್ನ ಗಿಟಾರ್, ಕೊನೆಗೆ ಕಂಠ. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಚಿಕ್ಕದು. ಕೆಟ್ಟ ಟೇಕ್‌ಗಳನ್ನು ಅವತ್ತೇ ಅಳಿಸದಿದ್ದರೆ ಮುಂದಿನ ವಾರಕ್ಕೆ ಜಾಗವೇ ಇರುತ್ತಿರಲಿಲ್ಲ. ಅಳಿಸುವ ಕೆಲಸ ನನ್ನದು. ಕುಕ್ಕರಿನ ಸೀಟಿ ಕೇಳಿದರೆ ಅಳಿಸು, ಪಾರಿವಾಳ ರೆಕ್ಕೆ ಬಡಿದರೆ ಅಳಿಸು. ಗಲ್ಲಿಯಲ್ಲಿ ತರಕಾರಿ ಗಾಡಿಯವನು "ಮಟರ್ ಲೇ ಲೋ, ಗೋಭೀ ಲೇ ಲೋ" ಎಂದು ಕೂಗಿದರೆ ನಾನು ಹೆಡ್‌ಫೋನ್ ಕಿತ್ತು ಎಸೆಯುತ್ತಿದ್ದೆ. ಅಪ್ಪ ಎದ್ದು ಹೊರಗೆ ಓಡಿ, "ಭಯ್ಯಾ, ದಸ್ ಮಿನಟ್, ದಸ್ ಮಿನಟ್" ಎಂದು ಅವನ ಬಾಯಿ ಮುಚ್ಚಿಸಿ ಬರುತ್ತಿದ್ದರು.

ಡಿಸೆಂಬರ್ ಬಂತು. ಚಳಿಯೂ ಬಂತು. ಅಮ್ಮ ಒಂದು ಸಂಜೆ ಸೊಂಟದ ಮೇಲೆ ಕೈಯಿಟ್ಟು ಕೋಣೆಯ ಬಾಗಿಲಲ್ಲಿ ನಿಂತಳು. "ಗೋಡೆಗೆ ಚಳಿಯಾಗುತ್ತೇನೇ? ಇಳಿಸು ರಜಾಯಿಗಳನ್ನ."

"ಇಳಿಸಿದರೆ ಕೋಣೆಯ ಸದ್ದೇ ಬದಲಾಗುತ್ತೆ ಅಮ್ಮ. ಐದು ಹಾಡಿನ ಡ್ರಮ್ಸ್ ಹೀಗೇ ಆಗಿದೆ, ಎರಡು ಬಾಕಿ ಇದೆ. ಅವು ಬೇರೆ ಥರ ಕೇಳಿಸಿದರೆ ಎಲ್ಲ ಮೊದಲಿಂದ ಮಾಡಬೇಕು. ಟೈಮ್ ಎಲ್ಲಿದೆ?"

"ರೀ, ಕೇಳಿದ್ರಾ ನಿಮ್ಮ ಮಗಳ ಮಾತು?"

ಅಪ್ಪ ಮಾರನೆಯ ದಿನವೇ ಹೊಸ ರಜಾಯಿ ಕೊಂಡು ತಂದರು. ಎರಡು. ಒಂದು ಅಮ್ಮನಿಗೆ, ಒಂದು ನನಗೆ. "ನಿಮಗೆ?" ಎಂದು ಅಮ್ಮ ಕೇಳಿದರೆ, "ನನಗೆ ಕಂಬಳಿ ಸಾಕು ಕಣೇ. ರಜಾಯಿ ಹೊದ್ದರೆ ಉಸಿರು ಕಟ್ಟುತ್ತೆ. ದ್ವಾರಕಾಕ್ಕೆ ಹೋದಮೇಲೆ ನನ್ನದು ನನಗೇ ಬರುತ್ತಲ್ಲ, ಸುಮ್ಮನೆ ಎಂಟು ರಜಾಯಿ ಇಟ್ಕೊಂಡು ಏನು ಮಾಡೋದು?" ಎಂದರು. ಮಾತು ಸರಿಯೆನಿಸಿತು ನನಗೆ. ಹೊಸ ರಜಾಯಿ ಹೊದ್ದು ಬೆಚ್ಚಗೆ ಮಲಗಿದೆ.

ಅಪ್ಪನಿಗೆ ಕೆಮ್ಮು ಶುರುವಾದದ್ದು ಆ ವಾರ. ದೆಹಲಿಯ ಚಳಿಗಾಲದ ಹೊಗೆಗೆ ಅವರು ಪ್ರತಿ ವರ್ಷ ಒಂದಿಷ್ಟು ಕೆಮ್ಮುವವರೇ, ಹಾಗಾಗಿ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಎಂಟು ಹಾಡುಗಳಲ್ಲಿ ಕೊನೆಯದು ನಿಧಾನದ್ದು. ಅದರಲ್ಲಿ ಡ್ರಮ್ಸ್ ಇಲ್ಲ, ಗಿಟಾರ್ ಮತ್ತು ಕಂಠ ಎರಡೇ; ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಬೇಕೆಂದು ತೀರ್ಮಾನಿಸಿದ್ದೆವು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಹಾಡುಗಾರ ಕಣ್ಣುಮುಚ್ಚಿ ಹಾಡತೊಡಗಿದ. ನಾಲ್ಕು ವರ್ಷ ಅವನ ಪಕ್ಕ ನಿಂತವಳು ನಾನು, ಅವನು ಅಂದು ಹಾಡಿದಂತೆ ಹಾಡಿದ್ದನ್ನು ಕೇಳಿರಲಿಲ್ಲ. ಎರಡನೆಯ ಚರಣಕ್ಕೆ ನನ್ನ ಮೈ ಜುಮ್ಮೆಂದಿತು. ಕೊನೆಯ ಸಾಲಿನ ಕೊನೆಯ ಸ್ವರವನ್ನು ಅವನು ಎಳೆದು ಹಿಡಿದು ಸಣ್ಣದಾಗಿ ಬಿಡುತ್ತಿದ್ದ. ಆಗ ಮುಂದಿನ ಕೋಣೆಯಲ್ಲಿ ಅಪ್ಪ ಕೆಮ್ಮಿದರು. ಒಂದಲ್ಲ, ಎರಡಲ್ಲ, ತಡೆದಿಟ್ಟಿದ್ದೆಲ್ಲ ಒಟ್ಟಿಗೆ ಒಡೆದ ಕೆಮ್ಮು.

ನಾನು ಗಿಟಾರ್ ಕೆಳಗಿಟ್ಟು ಹೊರಗೆ ಬಂದೆ. "ಐದು ನಿಮಿಷ! ಬರೀ ಐದು ನಿಮಿಷ ಬಾಯಿ ಮುಚ್ಕೊಂಡು ಕೂರೋಕಾಗಲ್ವಾ ಅಪ್ಪ ನಿಮಗೆ? ಇಡೀ ಟೇಕ್ ಹಾಳು ಮಾಡಿಬಿಟ್ರಿ!"

ಅಪ್ಪ ಕುರ್ಚಿಯಿಂದ ಎದ್ದು ನಿಂತರು. ಮಗಳ ಮುಂದೆ ಯಾಕೆ ಎದ್ದು ನಿಲ್ಲಬೇಕಿತ್ತು ಅವರು? ಬಾಯಿಗೆ ಒತ್ತಿಕೊಂಡ ಟವೆಲ್ ತೆಗೆದು, "ಸಾರಿ ಕಣಮ್ಮ. ತಡ್ಕೊಂಡೆ. ಆಗಲಿಲ್ಲ" ಎಂದರು.

ಅಮ್ಮ ಸೌಟು ಹಿಡಿದೇ ಬಂದಳು. "ಯಾರ ಹತ್ರ ಮಾತಾಡ್ತಿದೀಯ ಅನ್ನೋ ಜ್ಞಾನ ಇದೆಯೇನೇ ನಿಂಗೆ?"

"ಬಿಡೇ. ಅವಳ ಕೆಲಸ ಕೆಟ್ಟಿತಲ್ಲ" ಎಂದು ಅಪ್ಪ ಅವಳನ್ನೇ ಸುಮ್ಮನಾಗಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದಷ್ಟೇ ಅಲ್ಲ, ಒಳಗೆ ಹೋಗಿ ಅದೇ ಸಿಟ್ಟಿನಲ್ಲಿ ಆ ಟೇಕನ್ನು ಅಳಿಸಲು ಕೂತೆ. ಹಾಡುಗಾರ ನನ್ನ ಕೈ ಹಿಡಿದ. "ಅಳಿಸ್ಬೇಡ ಮಾರಾಯ್ತಿ. ಕೆಮ್ಮು ಇರುದು ಕೊನೆಯಲ್ಲಿ ಅಲ್ವಾ, ಅಷ್ಟು ಕತ್ತರಿಸಿದರಾಯ್ತು. ಇನ್ನೊಂದು ಸಲ ಹೀಗೆ ಹಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಕತ್ತರಿಸಿದ್ದು ಗೊತ್ತಾಗುತ್ತೆ. ಇನ್ನೊಂದು ಸಲ ಹಾಡು" ಎಂದೆ. ಅಳಿಸಿದೆ. ಅವನು ಅವತ್ತು ಮತ್ತೆ ಒಂಬತ್ತು ಸಲ ಹಾಡಿದ. ಎಲ್ಲವೂ ಸರಿಯಾಗಿದ್ದವು, ಅಷ್ಟೇ.

ಮುಂದಿನ ಶನಿವಾರ ಹನ್ನೊಂದು ಗಂಟೆಗೆ ಸರಿಯಾಗಿ ಅಪ್ಪ ಮಂಕಿ ಕ್ಯಾಪ್ ಹಾಕಿ, ಮಫ್ಲರ್ ಸುತ್ತಿ, ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೊರಟರು. "ಎಲ್ಲಿಗೆ ಅಪ್ಪ?" ಎಂದೆ. "ಸಬ್ಜಿಯವನು, ಹಳೇ ಸಾಮಾನಿನ ಕಬಾಡಿಯವನು ಎಲ್ಲ ಒಬ್ಬೊಬ್ಬರಾಗಿ ಬರ್ತಾರೆ. ಒಳಗಿಂದ ಓಡಿ ಬರೋದರಲ್ಲಿ ಕೂಗಿಬಿಟ್ಟಿರ್ತಾರೆ. ನಾನು ಗಲ್ಲಿ ಬಾಯಲ್ಲೇ ಕೂತಿರ್ತೀನಿ. ಬಿಸಿಲು ಕಾಯಿಸಿದ ಹಾಗೂ ಆಯ್ತು" ಎಂದರು. ಅಂದಿನಿಂದ ಜನವರಿ ಕೊನೆಯವರೆಗೆ ಪ್ರತಿ ಶನಿವಾರ, ಪ್ರತಿ ಭಾನುವಾರ ಅವರು ಹೊರಗೇ. ಗಲ್ಲಿಯ ಕೊನೆಯ ಬೇವಿನ ಮರದ ಕೆಳಗೆ, ಬೆನ್ನು ನಮ್ಮ ಕಡೆ ಮಾಡಿ. ಹೆಡ್‌ಫೋನ್ ತೆಗೆದಾಗಲೊಮ್ಮೆ ಕಿಟಕಿಯಿಂದ ನೋಡುತ್ತಿದ್ದೆ. ಜನವರಿಯಲ್ಲಿ ಎರಡು ವಾರ ಮಂಜು ಕವಿದು ಸೂರ್ಯನ ಮುಖವೇ ಕಾಣಲಿಲ್ಲ. ಆಗಲೂ ಕುರ್ಚಿ ಅಲ್ಲೇ ಇತ್ತು, ಕುರ್ಚಿಯಲ್ಲಿ ಅಪ್ಪ ಇದ್ದರು. ಇಲ್ಲದ ಬಿಸಿಲನ್ನು ಯಾರು ಕಾಯಿಸುತ್ತಾರೆ ಎಂದು ನಾನು ಕೇಳಿಕೊಳ್ಳಲಿಲ್ಲ. "ನೋಡು, ಹೇಗೆ ಡ್ಯೂಟಿ ಮಾಡ್ತಾರೆ ನಮ್ಮಪ್ಪ" ಎಂದು ಡ್ರಮ್ಮರ್ ಮುಂದೆ ಜಂಭ ಕೊಚ್ಚಿಕೊಂಡೆ. ನಾಲ್ಕು ಗಂಟೆಗೆ ಅವರು ಒಳಗೆ ಬಂದಾಗ ಮೂಗು, ಬೆರಳುಗಳೆಲ್ಲ ಕೆಂಪಾಗಿರುತ್ತಿದ್ದವು. ಅಮ್ಮ ಶುಂಠಿ ಕಷಾಯ ಕೊಡುತ್ತಿದ್ದಳು. ಅವರು ಲೋಟ ಹಿಡಿದುಕೊಂಡು ಮೊದಲು ಕೇಳುತ್ತಿದ್ದ ಮಾತು, "ಇವತ್ತು ಸದ್ದೇನೂ ಬರಲಿಲ್ಲ ತಾನೇ?"

ಬರಲಿಲ್ಲ. ಜನವರಿಯ ಕೊನೆಯ ಭಾನುವಾರ ಎಂಟನೆಯ ಹಾಡಿನ ಕೆಲಸ ಮುಗಿಯಿತು. ಗೋಡೆಯಿಂದ ರಜಾಯಿಗಳನ್ನು ಇಳಿಸಿದಾಗ ಕೋಣೆ ಎಷ್ಟೋ ದೊಡ್ಡದಾಗಿ ಕಂಡಿತು. ಅಪ್ಪ ತಮ್ಮ ಹಳೆಯ ರಜಾಯಿಯನ್ನು ಕೊಡವಿ, ಮೊಳೆಯ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಪರವಾಗಿಲ್ಲ, ಹೊಲಿದರಾಯ್ತು" ಎಂದರು. ಎರಡು ದಿನದಲ್ಲಿ ಕೀಲಿ ಒಪ್ಪಿಸಿ ದ್ವಾರಕಾಕ್ಕೆ ಹೋದೆವು.

ಅಲ್ಲಿ ಹೋದ ವಾರಕ್ಕೇ ಅವರಿಗೆ ಜ್ವರ ಏರಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಎಕ್ಸ್‌ರೇ ಎತ್ತಿ ಹಿಡಿದು, ನ್ಯುಮೋನಿಯ, ಎರಡೂ ಕಡೆ ಎಂದರು. "ಕೆಮ್ಮು ಎಷ್ಟು ದಿನದಿಂದ?" ಎಂದು ಕೇಳಿದಾಗ ನಾನು "ಒಂದು ವಾರ ಇರಬಹುದು" ಎಂದೆ. ಸುಳ್ಳು ಹೇಳಿದ್ದಲ್ಲ, ನನಗೆ ಗೊತ್ತಿದ್ದದ್ದೇ ಅಷ್ಟು. ಆ ಭಾನುವಾರದ ನಂತರ ಅಪ್ಪ ಮನೆಯೊಳಗೆ ಕೆಮ್ಮಿದ್ದನ್ನು ನಾನು ಕೇಳಿಯೇ ಇರಲಿಲ್ಲವಲ್ಲ. ಅಮ್ಮ ತಲೆ ತಗ್ಗಿಸಿ, "ಇಲ್ಲ, ಎರಡು ತಿಂಗಳು" ಎಂದಳು. ಕಂಬಳಿ ಮುಖಕ್ಕೆ ಒತ್ತಿಕೊಂಡು ಕೆಮ್ಮುತ್ತಿದ್ದರಂತೆ. ನನಗೆ ಹೇಳಬಾರದೆಂದು ಅಮ್ಮನಿಗೆ ಹೇಳಿದ್ದರಂತೆ.

ಹನ್ನೆರಡು ದಿನ ಇದ್ದರು. ಕೊನೆಕೊನೆಗೆ ಒಂದು ಮಧ್ಯಾಹ್ನ ಆಕ್ಸಿಜನ್ ಮಾಸ್ಕನ್ನು ತಾವೇ ಸ್ವಲ್ಪ ಸರಿಸಿ, "ಕ್ಯಾಸೆಟ್ ಎಲ್ಲಿಗೆ ಬಂತು?" ಎಂದರು.

"ಎಲ್ಲ ರೆಕಾರ್ಡಿಂಗ್ ಸೇರಿಸಿ ಹದ ಮಾಡೋಕೆ ನೋಯ್ಡಾದ ಸ್ಟುಡಿಯೋಗೆ ಕೊಟ್ಟಿದೀನಿ ಅಪ್ಪ."

"ಹಾಗಾದ್ರೆ ಕೊನೇ ಟೇಬಲ್ಲು" ಎಂದು ಮಾಸ್ಕ್ ಹಾಕಿಕೊಂಡರು. ಅವರು ನನ್ನ ಜೊತೆ ಆಡಿದ ಕೊನೆಯ ಪೂರ್ತಿ ಮಾತು ಅದು.

ಮಾರ್ಚಿನಲ್ಲಿ ಹಳೆಯ ವಿಳಾಸಕ್ಕೆ ಬಂದ ಅಪ್ಪನ ಕಾಗದಗಳನ್ನು ತರಲು ಕಿದ್ವಾಯಿ ನಗರಕ್ಕೆ ಹೋದೆ. ಪಕ್ಕದ ಮನೆಯಲ್ಲಿ ಕಾಗದ ಇಸಿದುಕೊಂಡು ಬರುವಾಗ ಗಲ್ಲಿಯ ಬಾಯಲ್ಲಿ ತರಕಾರಿ ಗಾಡಿಯವನು ಸಿಕ್ಕಿದ. ನನ್ನನ್ನು ಗುರುತಿಸಿ, "ಬಾಬೂಜಿ ಕೈಸೇ ಹೈಂ ಬೇಟಾ? ಖಾಂಸಿ ಠೀಕ್ ಹುಯೀ?" ಎಂದ. ಅಪ್ಪ ಹೇಗಿದ್ದಾರೆ, ಕೆಮ್ಮು ವಾಸಿಯಾಯಿತಾ ಎಂದು.

ಅಪ್ಪನ ಕೆಮ್ಮು ಇವನಿಗೆ ಹೇಗೆ ಗೊತ್ತು ಎಂದು ನಾನು ನಿಂತೆ. ಅವನು ತನ್ನ ಹಿಂದಿಯಲ್ಲಿ ಹೇಳುತ್ತಾ ಹೋದ. ನಮ್ಮ ಕೋಣೆಯಲ್ಲಿ ಸದ್ದು ನಿಂತು ಮೆಲ್ಲಗಿನ ಹಾಡು ಶುರುವಾಯಿತೆಂದರೆ ಬಾಬೂಜಿ ಕುರ್ಚಿಯಿಂದ ಎದ್ದು ಇನ್ನೂ ದೂರ, ರಸ್ತೆಯವರೆಗೆ, ಅವನ ಗಾಡಿಯ ಹತ್ತಿರ ನಡೆದು ಬರುತ್ತಿದ್ದರಂತೆ. ಗಾಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ಕೆಮ್ಮುತ್ತಿದ್ದರಂತೆ. "ನಾನು ಶುಂಠಿ ಜಜ್ಜಿ ಕೊಡುತ್ತಿದ್ದೆ. ಇಂಥ ಚಳಿಯಲ್ಲಿ ಯಾಕೆ ಬಾಬೂಜಿ, ಮನೆಯೊಳಗೆ ಹೋಗಿ ಅಂದರೆ, ಒಳಗೆ ಮಗಳ ಕ್ಯಾಸೆಟ್ ಆಗ್ತಿದೆ, ನನ್ನ ಕೆಮ್ಮು ಅದರಲ್ಲಿ ಬಂದುಬಿಡುತ್ತೆ ಅಂತಿದ್ದರು."

ಅವನು ಗಾಡಿ ಬಿಟ್ಟು ಬಂದು ನನ್ನನ್ನು ಆಟೋದಲ್ಲಿ ಕೂರಿಸಿದ. ಗಾಡಿಯವರನ್ನು ತಡೆಯಲು ಹೊರಗೆ ಕೂತಿದ್ದಾರೆಂದು ನಾನು ನಂಬಿದ್ದೆ. ಅವರು ಹೊರಗೆ ಹೋದದ್ದು ತಮ್ಮನ್ನೇ ತಡೆಯಲು. ಚಳಿಯಿಂದಲೇ ಹೀಗಾಯಿತೆಂದು ಡಾಕ್ಟರ್ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ನನ್ನ ಮಟ್ಟಿಗೆ ಆ ವಿಚಾರಣೆ ಅವತ್ತು ಆಟೋದಲ್ಲೇ ಮುಗಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ.

ಆ ವಾರವೇ ನೋಯ್ಡಾದ ಸ್ಟುಡಿಯೋಗೆ ಹೋದೆ. ಅಲ್ಲಿ ನಮ್ಮ ಹಾಡುಗಳನ್ನು ಹದ ಮಾಡುತ್ತಿದ್ದವರು ನಡುವಯಸ್ಸಿನ ರೆಕಾರ್ಡಿಸ್ಟ್. ಎಲ್ಲ ಟ್ರ್ಯಾಕ್‌ಗಳನ್ನೂ ಒಂದೊಂದಾಗಿ, ಬೇರೇನೂ ಸೇರಿಸದೆ, ಪೂರ್ತಿ ಜೋರಾಗಿ ಕೇಳಿಸಿ ಎಂದೆ. "ಏನು ಹುಡುಕ್ತಿದೀರಾ?" ಎಂದರು. "ಒಂದು ಕೆಮ್ಮು" ಎಂದೆ. "ತೆಗೆಯಬೇಕಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ಎರಡು ಶನಿವಾರ ಕೂತು ಕೇಳಿದೆವು. ಡ್ರಮ್ಮಿನ ಒಂದು ಟ್ರ್ಯಾಕಿನಲ್ಲಿ ಪಾರಿವಾಳ ಸಿಕ್ಕಿತು. ಇನ್ನೊಂದರಲ್ಲಿ, ನವೆಂಬರಿನದಿರಬೇಕು, ಬಹಳ ದೂರದಲ್ಲಿ "ಮಟರ್ ಲೇ ಲೋ" ಕೂಡ ಸಿಕ್ಕಿತು. ಅಮ್ಮನ ಕುಕ್ಕರ್ ಸಿಕ್ಕಿತು. ಅಪ್ಪ ಎಲ್ಲೂ ಸಿಗಲಿಲ್ಲ. ಅವರಿದ್ದ ಒಂದೇ ಒಂದು ಟೇಕನ್ನು ನಾನೇ, ಈ ಕೈಯಿಂದಲೇ, ಅಳಿಸಿ ಹಾಕಿದ್ದೆ. ಅಳಿಸಿದ್ದನ್ನು ಮರಳಿ ತೆಗೆಯಲಾಗುತ್ತದಾ ಎಂದು ಎರಡು ಕಡೆ ಕಂಪ್ಯೂಟರ್ ರಿಪೇರಿಯವರಿಗೆ ಹಾರ್ಡ್ ಡಿಸ್ಕ್ ಕೊಟ್ಟು ನೋಡಿದೆ. ಅದರ ಮೇಲೆ ಬೇರೆ ಟೇಕ್‌ಗಳು ಕೂತುಬಿಟ್ಟಿವೆ ಮೇಡಂ ಎಂದರು.

ಮಳೆಗಾಲದಲ್ಲಿ ಸೀಡಿ ಬಂತು. ಕೇಳಿದವರು ಚೆನ್ನಾಗಿದೆ ಎಂದರು, ಮನೆಯಲ್ಲಿ ಮಾಡಿದ್ದೆಂದರೆ ನಂಬಲಿಲ್ಲ. ಮರುವರ್ಷ ಹಾಡುಗಾರ ಕೆಲಸ ಬದಲಿಸಿ ಮುಂಬಯಿಗೆ ಹೋದ, ಡ್ರಮ್ಮರನಿಗೆ ಮದುವೆಯಾಯಿತು, ಬ್ಯಾಂಡು ಅಲ್ಲಿಗೆ ನಿಂತಿತು. ನಾವಿದ್ದ ಕ್ವಾರ್ಟರಿನ ಸಾಲನ್ನೂ ಆಮೇಲೆ ಕೆಡವಿದರು. ಈಗ ಅಲ್ಲಿ ಕತ್ತೆತ್ತಿ ನೋಡುವಂಥ ಕಟ್ಟಡಗಳಿವೆ.

ಪ್ರತಿ ವರ್ಷ ಅಪ್ಪನ ತಿಥಿಯ ಸಂಜೆ, ಬಂದವರೆಲ್ಲ ಊಟ ಮಾಡಿ ಹೋದ ಮೇಲೆ, ಅಮ್ಮ "ನಿಮ್ಮಪ್ಪನ ಕ್ಯಾಸೆಟ್ ಹಾಕು" ಎನ್ನುತ್ತಾಳೆ. ಅವಳಿಗೂ ಅದು ಕ್ಯಾಸೆಟ್ಟೇ ಆಗಿಬಿಟ್ಟಿದೆ. ಅಪ್ಪನ ಹಳೆಯ ರಜಾಯಿಯನ್ನು, ಮೊಳೆಯ ತೂತುಗಳನ್ನು ತಾನೇ ಹೊಲಿದದ್ದನ್ನು, ಕಾಲ ಮೇಲೆ ಹೊದ್ದುಕೊಂಡು ಎಂಟೂ ಹಾಡು ಕೇಳುತ್ತಾಳೆ. ಮೊದಲ ಏಳಕ್ಕೆ ಮುಖ ಸಿಂಡರಿಸುತ್ತಾಳೆ. ಎಂಟನೆಯದು ನಿಧಾನದ್ದು. ಅದರ ಕೊನೆಯ ಸ್ವರ ಸಣ್ಣದಾಗುತ್ತ ಹೋಗುವಾಗ ನಾನು ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಸ್ವರ ಮುಗಿಯುತ್ತದೆ. ಮುಂದೆ ಏನೂ ಬರುವುದಿಲ್ಲ.

ಈ ವರ್ಷವೂ ಅಮ್ಮ ಆ ಜಾಗದಲ್ಲಿ ನನ್ನ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಬಂದಿದೆ ನೋಡು, ಮಧ್ಯೆ ಒಂದು ಸದ್ದೂ ಇಲ್ಲ" ಎಂದಳು. "ಅವರು ಕೇಳಿದ್ದಿದ್ರೆ ಎಷ್ಟು ಸಮಾಧಾನ ಪಟ್ಕೋತಿದ್ರೋ."

"ಹೌದಮ್ಮ" ಎಂದೆ.